ಗಾಲಿ ಮನೆಯಲ್ಲಿ ಒರಗಲು ಒಂದು ಜಾಗ

ಹಿಂದಿನ ಬಾಡಿಗೆ ಮನೆ ಬಿಡುವ ದಿನ ಅದರ ಒಡತಿ, ಎಪ್ಪತ್ತರ ಆಸುಪಾಸಿನ ಹೆಂಗಸು, ಕನ್ನಡಕ ಏರಿಸಿಕೊಂಡು ಕೋಣೆ ಕೋಣೆಯ ಗೋಡೆಗಳನ್ನೂ ಪರೀಕ್ಷಿಸುತ್ತ ಬಂದರು. ಜರ್ಮನಿಯಲ್ಲಿ ಮನೆ ಹಿಡಿಯುವುದಕ್ಕಿಂತ ಮನೆ ಬಿಡುವುದು ಕಷ್ಟ. ಎಲ್ಲವೂ ಪಾಸಾಯಿತು. ಅಡುಗೆಮನೆಯ ಬಾಗಿಲ ಹತ್ತಿರ ಮಾತ್ರ ಅವರು ನಿಂತುಬಿಟ್ಟರು. ಬಾಗಿಲ ಪಕ್ಕದ ಬಿಳಿ ಗೋಡೆಯ ಮೇಲೆ, ಆಳೆತ್ತರದಲ್ಲಿ, ತೆಂಗಿನಕಾಯಿ ಗಾತ್ರದ ಒಂದು ಜಿಡ್ಡಿನ ಕಲೆಯಿತ್ತು. ಪೈಪು ಸೋರುತ್ತಿದೆಯೋ, ಗೋಡೆಗೆ ಬೂಷ್ಟು ಹಿಡಿಯುತ್ತಿದೆಯೋ ಎಂದು ಅವರಿಗೆ ಗಾಬರಿ. "ಇದೇನು?" ಎಂದು ಕೇಳಿದರು. "ಅದು ನನ್ನ ತಲೆ" ಎಂದೆ.

ಸುಳ್ಳೇನಲ್ಲ. ಸ್ನಾನವಾದ ಮೇಲೆ ತಲೆಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುವ ಅಭ್ಯಾಸ ಮೈಸೂರಿನಿಂದ ವೋಲ್ಫ್ಸ್‌ಬುರ್ಗ್‌ವರೆಗೂ ನನ್ನ ಜೊತೆ ಬಂದಿದೆ. ಆ ತಲೆಯನ್ನು ಗೋಡೆಗೆ ಆನಿಸಿ, ಕಾಲ ಮೇಲೆ ಕಾಲು ಹೆಣೆದು ಬಾಗಿಲಲ್ಲಿ ನಿಂತು, ಒಳಗೆ ಅಡುಗೆ ಮಾಡುತ್ತಿರುವ ಹೆಂಡತಿಯೊಂದಿಗೆ ಹರಟೆ ಹೊಡೆಯುವುದು ನಾನು ಸಂಸಾರದಲ್ಲಿ ನಿಯತ್ತಾಗಿ ಮಾಡಿಕೊಂಡು ಬಂದಿರುವ ಏಕೈಕ ಕೆಲಸ. ಗೋಡೆಗೆ ಬಣ್ಣ ಬಳಿದುಕೊಟ್ಟೆ. ಆ ತಾಯಿ ಹೊರಡುವಾಗ ನನ್ನ ತಲೆಯನ್ನು ಇನ್ನೊಂದು ಸಲ ನೋಡಿ ಹೋದರು.

ಒರಗಿ ನಿಲ್ಲುವುದನ್ನು ಸೋಮಾರಿತನ ಎನ್ನುವವರು ಅದನ್ನು ಶ್ರದ್ಧೆಯಿಂದ ಮಾಡಿ ನೋಡಿದವರಲ್ಲ. ಅಡುಗೆಮನೆಯಲ್ಲಿ ಗಂಡಸು ಎಲ್ಲಿರಬೇಕು ಎಂಬುದು ಸೂಕ್ಷ್ಮವಾದ ವಿಷಯ. ಪೂರ್ತಿ ಒಳಗೆ ಹೋದರೆ ಕೈಗೆ ತೆಂಗಿನಕಾಯಿ ತುರಿಯುವ ಮಣೆ ಬರುತ್ತದೆ. ಕುರ್ಚಿ ಹಾಕಿಕೊಂಡು ಕೂತರೆ ಮುಂದೆ ಹುರುಳಿಕಾಯಿಯ ತಟ್ಟೆ ಬಂದು ಕೂರುತ್ತದೆ. ಹೊರಗೆ ಹಾಲ್‌ನಲ್ಲೇ ಉಳಿದರೆ ಹೆಂಡತಿಯ ಬಗ್ಗೆ ಕಾಳಜಿಯಿಲ್ಲದವನು ಎಂಬ ಅಪವಾದ. ಬಾಗಿಲಲ್ಲಿ ಒರಗಿದವನಿಗೆ ಈ ಯಾವ ತಾಪತ್ರಯವೂ ಇಲ್ಲ. ನಿಂತವನ ಕೈಗೆ ಯಾರೂ ಹುರುಳಿಕಾಯಿ ಕೊಡುವುದಿಲ್ಲ. ಆಗಾಗ ಅಂಗೈ ಚಾಚಿದರೆ ಉಪ್ಪು ನೋಡಲು ಒಂದು ಹನಿ ಸಾರು ಬೀಳುತ್ತದೆ. ನಮ್ಮ ಸೋದರಮಾವನೊಬ್ಬ ಅಕ್ಕಿ ಡಬ್ಬದ ಮೇಲೆ ಕೂತು ಇದೇ ಕಸುಬು ಮಾಡುತ್ತಿದ್ದ. ಆದರೆ ಅತ್ತೆಗೆ ಅಕ್ಕಿ ಬೇಕಾದಾಗಲೆಲ್ಲ ಏಳಬೇಕಾಗುತ್ತಿತ್ತಾದ್ದರಿಂದ ಅವನದನ್ನು ನಾನು ಶುದ್ಧ ಒರಗುವಿಕೆ ಎಂದು ಒಪ್ಪುವುದಿಲ್ಲ. ಮನೆಗೆ ಬಂದವರಿಗೆ ನಾನು ಯಾವ ಸಂಕೋಚವೂ ಇಲ್ಲದೆ "ಇವತ್ತು ನಾವು ಬಿಸಿಬೇಳೆ ಬಾತ್ ಮಾಡಿದ್ವಿ" ಎಂದು ಹೇಳುತ್ತೇನೆ. ವಿನುತಾ, ನನ್ನ ಹೆಂಡತಿ, ಆ 'ನಾವು' ಬಂದಾಗ ಒಮ್ಮೆ ಕೆಮ್ಮುತ್ತಾಳೆ.

ತಮಾಷೆ ಹಾಗಿರಲಿ, ಆ ಒಂದು ಗಂಟೆ ನಮಗೆ ಮುಖ್ಯ. ಅವಳು ಬ್ರೌನ್‌ಶ್ವೈಗ್‌ನ ಒಂದು ಪ್ರಯೋಗಾಲಯದಲ್ಲಿ ದಿನವಿಡೀ ಸೂಕ್ಷ್ಮದರ್ಶಕಕ್ಕೆ ಕಣ್ಣು ಕೊಟ್ಟು ರೈಲಿನಲ್ಲಿ ಬರುತ್ತಾಳೆ. ನಾನು ಕಾರು ಕಾರ್ಖಾನೆಯಲ್ಲಿ ದಿನವಿಡೀ ಕಂಪ್ಯೂಟರಿನ ಮುಂದೆ ಕೂತು ಬರುತ್ತೇನೆ. ಮಗಳು ಓದಲೆಂದು ಬೇರೆ ಊರಿಗೆ ಹೋಗಿದ್ದಾಳೆ. ಸಂಜೆಯ ಆ ಅಡುಗೆಯ ಹೊತ್ತು ಇಲ್ಲವಾದರೆ ನಮ್ಮಿಬ್ಬರ ನಡುವೆ ಉಳಿಯುವ ಮಾತು ಎರಡೇ: ನಾಳೆ ಹೊರಗಿಡಬೇಕಾದ್ದು ಹಳದಿ ಕಸದ ಚೀಲವೋ ನೀಲಿ ಡಬ್ಬವೋ, ಹಲ್ಲಿನ ಡಾಕ್ಟರ ಟೆರ್ಮಿನ್, ಅಂದರೆ ಅಪಾಯಿಂಟ್‌ಮೆಂಟು, ಯಾವತ್ತು. ಹಾಗೆ ಮಾತು ಬತ್ತಿಹೋದ ಜೋಡಿಗಳು ಹೋಟೆಲಿನ ಮೇಜುಗಳಲ್ಲಿ ಎದುರು ಬದುರು ಕೂತು ಉಪ್ಪಿನ ಡಬ್ಬಿಯನ್ನು ತಿರುಗಿಸುತ್ತಿರುವುದನ್ನು ನೋಡಿದ್ದೇನೆ. ನನಗೆ ಆ ಭಯವಿದೆ.

ಇಷ್ಟು ಪೀಠಿಕೆ ಯಾಕೆಂದರೆ, ಕಳೆದ ವಸಂತದಲ್ಲಿ ನಾವು ಒಂದು ವೋನ್‌ವಾಗನ್, ಅಂದರೆ ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಗಾಲಿ ಮನೆ, ಕೊಳ್ಳಲು ಹೊರಟೆವು. ಮಲಗಲು ಹಾಸಿಗೆ ಎಲ್ಲದರಲ್ಲೂ ಇತ್ತು, ಕಕ್ಕಸು ಎಲ್ಲದರಲ್ಲೂ ಇತ್ತು. ವ್ಯತ್ಯಾಸವೆಲ್ಲ ಅಡುಗೆಮನೆಯಲ್ಲಿ. ಉದ್ದನೆಯ ಗೋಡೆಗೆ ಅಂಟಿದ್ದು ಒಂದು, ಹಿಂದಿನ ತುದಿಯಲ್ಲಿ ಅಡ್ಡಡ್ಡಕ್ಕೆ ಇದ್ದದ್ದು ಇನ್ನೊಂದು, ಮುಂದಿನ ಕಿಟಕಿಯ ಕೆಳಗೆ ಮತ್ತೊಂದು. ಮಾರಾಟದ ಅಂಗಳದಲ್ಲಿ ಜರ್ಮನ್ ದಂಪತಿಗಳು ಬೂಟು ಕಳಚಿ, ಗಾಡಿಯಿಂದ ಗಾಡಿಗೆ ಹೋಗಿ, ಹಾಸಿಗೆಗಳ ಮೇಲೆ ಜೋಡಿಯಾಗಿ ಮಲಗಿ ಎದ್ದು ಬರುತ್ತಿದ್ದರು. ನಾವು ಯಾವ ಹಾಸಿಗೆಯನ್ನೂ ಮುಟ್ಟಲಿಲ್ಲ. ವಿನುತಾ ಪ್ರತಿ ಗಾಡಿಯಲ್ಲೂ ಒಲೆಯ ಮುಂದೆ ನಿಂತು, ಇಲ್ಲದ ಕುಕ್ಕರ್ ಇಟ್ಟು, ಇಲ್ಲದ ಬಾಣಲೆಗೆ ಇಲ್ಲದ ಸಾಸಿವೆ ಹಾಕಿ, ಸಿಡಿದಾಗ ಹಿಂದೆ ಸರಿಯಲು ಜಾಗವಿದೆಯೇ ಎಂದು ನೋಡುತ್ತಿದ್ದಳು. ಮಾರಾಟಗಾರ ಹೆರ್ ಬ್ರಾಂಟ್ ಮೊದಮೊದಲು ಇದು ನಮ್ಮ ಧಾರ್ಮಿಕ ವಿಧಿ ಎಂದುಕೊಂಡು ಟೋಪಿ ತೆಗೆದು ದೂರ ನಿಂತಿದ್ದ.

"ಅಡುಗೆ ಯಾರು ಮಾಡುತ್ತೀರಿ?" ಎಂದು ಕೊನೆಗೆ ಕೇಳಿದ.

"ನಾವು" ಎಂದೆ, ಅಭ್ಯಾಸಬಲದಿಂದ.

"ಇಬ್ಬರೂ ಒಟ್ಟಿಗೆ ನಿಲ್ಲುವುದಾದರೆ ಈ ಅಳತೆಯ ಗಾಡಿಯಲ್ಲಿ ಕಷ್ಟ" ಎಂದು ಅವನು ನಿಜವಾಗಿಯೂ ಚಿಂತೆಗೆ ಬಿದ್ದ.

"ನಾವು ಅಂದ್ರೆ ಯಾರು ರೀ?" ಎಂದು ವಿನುತಾ ಕನ್ನಡದಲ್ಲಿ ಕೇಳಿದಳು.

ಅಷ್ಟು ಹೊತ್ತಿಗೆ ಭಯಂಕರವಾದ ಒಂದು ಸತ್ಯ ನನಗೆ ಹೊಳೆದಿತ್ತು. ಆ ಅಂಗಳದಲ್ಲಿದ್ದ ಯಾವ ಗಾಡಿಯ ಅಡುಗೆಮನೆಗೂ ಬಾಗಿಲಿರಲಿಲ್ಲ. ಬಾಗಿಲಿಲ್ಲ ಎಂದರೆ ಚೌಕಟ್ಟಿಲ್ಲ, ಚೌಕಟ್ಟಿಲ್ಲ ಎಂದರೆ ನಾನಿಲ್ಲ.

ನಾನು ಕಾರ್ಖಾನೆಯಲ್ಲಿ ಮಾಡುವ ಕೆಲಸವನ್ನು ಹೇಳಿದರೆ ನೀವು ನಗುತ್ತೀರಿ. ಕಾರಿನಲ್ಲಿ ಕೂತವನ ಮೊಣಕೈ ಎಲ್ಲಿರಬೇಕು, ಮಂಡಿ ಎಲ್ಲಿಗೆ ತಾಕಬಾರದು ಎಂದು ಲೆಕ್ಕ ಹಾಕುವುದು. ಊರಿನವರ ಮೊಣಕೈಗೆಲ್ಲ ಜಾಗ ಮಾಡಿಕೊಟ್ಟ ನನಗೆ ನನ್ನದೊಂದು ಭುಜಕ್ಕೆ ಜಾಗ ಸಿಗಲಿಲ್ಲ. ಹಾಗಂತ ಬಾಯಿಬಿಟ್ಟು ಹೇಳುವಂತೆಯೂ ಇಲ್ಲ. ಹಾಗಾಗಿ ಒಂದೊಂದು ಗಾಡಿಗೂ ಒಂದೊಂದು ಶಾಸ್ತ್ರೀಯ ಕಾರಣ ಹುಡುಕಿ ಬೇಡ ಎನ್ನುತ್ತ ಬಂದೆ. ಹಿಂದಿನ ತುದಿಯ ಅಡುಗೆಮನೆಗೆ, ಪಾತ್ರೆಗಳ ಭಾರವೆಲ್ಲ ಹಿಂದಾದರೆ ಗಾಡಿ ರಸ್ತೆಯಲ್ಲಿ ಬಾಲ ಅಲ್ಲಾಡಿಸುತ್ತದೆ ಎಂದೆ. ಮುಂದಿನದಕ್ಕೆ, ಕಾರಿಗೆ ಸಿಕ್ಕಿಸುವ ಕೊಕ್ಕೆಯ ಮೇಲೆ ಭಾರ ಹೆಚ್ಚುತ್ತದೆ ಎಂದೆ. ಗೋಡೆಗೆ ಅಂಟಿದ್ದಕ್ಕೆ, ಒಗ್ಗರಣೆಯ ಘಾಟು ನೇರ ಹಾಸಿಗೆಗೆ ಹೋಗುತ್ತದೆ ಎಂದೆ. ಎಲ್ಲವೂ ನಿಜವೇ, ಆದರೆ ಒಂದೂ ನನ್ನ ಕಾರಣವಲ್ಲ. ಅಮೆರಿಕದಲ್ಲಿ ದೊಡ್ಡ ಪಿಕಪ್ ಗಾಡಿಯ ಬೆನ್ನಿಗೇ ಕೊಕ್ಕೆ ಹಾಕಿ ಎಳೆಯುವ ಭಾರಿ ಗಾಲಿ ಮನೆಗಳಿವೆ. ಅವುಗಳಲ್ಲಿ ನಡುಗಡ್ಡೆಯಂಥ ಅಡುಗೆಕಟ್ಟೆ, ಸುತ್ತ ಒಂದು ಇಡೀ ಸಮಿತಿ ಒರಗಿ ನಿಲ್ಲಬಹುದಾದಷ್ಟು ಜಾಗ. ಅದರ ವಿಡಿಯೋ ತೋರಿಸಿದೆ.

"ಅದನ್ನ ಎಲ್ಲಿ ನಿಲ್ಲಿಸ್ತೀರಾ?" ಎಂದಳು ವಿನುತಾ. "ನಮ್ಮ ಪಾರ್ಕಿಂಗ್‌ನಲ್ಲಿ ಈಗಿರೋ ಕಾರೇ ಹೊಟ್ಟೆ ಒಳಗೆಳ್ಕೊಂಡು ನಿಂತಿರತ್ತೆ."

ಈ ಅನ್ಯಾಯದ ಮೂಲ ಎಲ್ಲಿದೆ ಎಂದು ಹುಡುಕುತ್ತ ಹೋದರೆ ದಾರಿ ಫ್ರಾಂಕ್‌ಫರ್ಟಿಗೆ ಹೋಗುತ್ತದೆ. ಸುಮಾರು ನೂರು ವರ್ಷದ ಹಿಂದೆ ಆ ಊರಿನ ಹೊಸ ಬಡಾವಣೆಗಳಿಗೆಂದು ಒಬ್ಬ ಮಹಿಳಾ ವಾಸ್ತುಶಿಲ್ಪಿ ಪುಟ್ಟದೊಂದು ಅಡುಗೆಮನೆಯ ವಿನ್ಯಾಸ ಮಾಡಿದರು. ಅವರಿಗೆ ಮಾದರಿ ರೈಲಿನ ಊಟದ ಬೋಗಿಯ ಅಡುಗೆಕೋಣೆ. ಹೆಜ್ಜೆ ಉಳಿಯಬೇಕು, ಸಮಯ ಉಳಿಯಬೇಕು, ನಿಂತಲ್ಲೇ ಎಲ್ಲವೂ ಕೈಗೆ ಸಿಗಬೇಕು. ಇವತ್ತಿನ ಮನೆಗಳ ಅಡುಗೆಕಟ್ಟೆ, ಕಪಾಟುಗಳೆಲ್ಲ ಅದರ ಸಂತಾನವಂತೆ. ಅದರ ಒಂದು ಮಾದರಿಯನ್ನು ಮ್ಯೂಸಿಯಮ್ಮಿನಲ್ಲಿ ನೋಡಿದ್ದೇನೆ. ಒಳಗೊಂದು ತಿರುಗುವ ಸ್ಟೂಲು ಕಂಡು, ಪರವಾಗಿಲ್ಲ, ಗಂಡನನ್ನು ಮರೆತಿಲ್ಲ ಎಂದು ಸಂತೋಷಪಟ್ಟೆ. ಆಮೇಲೆ ಫಲಕ ಓದಿದರೆ ಅದು ಅಡುಗೆ ಮಾಡುವವಳು ಕೂರಲಿಕ್ಕೆ. ಒಟ್ಟಿನಲ್ಲಿ ಅಡುಗೆಮನೆಯಿಂದ ವ್ಯರ್ಥವಾದದ್ದನ್ನೆಲ್ಲ ತೆಗೆದುಹಾಕುವಾಗ ಮೊದಲು ಹೋದವನು ನಾನು.

ಯಾವ ನಕ್ಷೆಗೂ ನಾನು ಒಪ್ಪದಿದ್ದಾಗ ಹೆರ್ ಬ್ರಾಂಟ್, ಒಂದು ವಾರಾಂತ್ಯ ಬಾಡಿಗೆಗೆ ತೆಗೆದುಕೊಂಡು ಹೋಗಿ ನೋಡಿ ಎಂದ. ಉದ್ದ ಗೋಡೆಗೆ ಅಡುಗೆಕಟ್ಟೆ, ಅದರ ಎದುರಿಗೇ ಮೇಜು ಬೆಂಚು ಇದ್ದ ಗಾಡಿ ಅದು. ಹಾರ್ಟ್ಸ್ ಬೆಟ್ಟದ ಕೆರೆಯೊಂದರ ಪಕ್ಕದ ಕ್ಯಾಂಪಿಂಗ್ ಮೈದಾನದಲ್ಲಿ ಅದನ್ನು ಹಿಂದಕ್ಕೆ ಹೊಡೆದು ನಿಲ್ಲಿಸುವಷ್ಟರಲ್ಲಿ ಮಳೆ ಶುರುವಾಯಿತು. ವಿನುತಾ ಒಲೆ ಹಚ್ಚಿದಳು. ನಾನು ಜಾಗ ಹುಡುಕಿದೆ. ಅವಳ ಹಿಂದೆ ನಿಂತರೆ, ಪ್ರತಿ ಸಲ ತಿರುಗಿದಾಗಲೂ ಅವಳ ಕೈಯ ಸೌಟು ನನ್ನ ಹೊಟ್ಟೆಗೆ. ಬೆಂಚಿನಲ್ಲಿ ಕೂತರೆ ಹುರುಳಿಕಾಯಿಯ ಅಪಾಯ. ಇಡೀ ಗಾಡಿಯಲ್ಲಿ ಒಲೆಗೆ ಮಾತು ತಲುಪುವಷ್ಟು ಹತ್ತಿರವಿದ್ದ ಚೌಕಟ್ಟು ಒಂದೇ, ಕಕ್ಕಸಿನದು. ಅದಕ್ಕೇ ಭುಜ ಕೊಟ್ಟು ಕಾಲು ಹೆಣೆದು ನಿಂತು, ಆಫೀಸಿನ ಒಂದು ಕಥೆ ಶುರುಮಾಡಿದೆ.

"ರೀ, ಆ ಬಾಗಿಲಲ್ಲಿ ನಿಂತ್ಕೊಂಡು ಮಾತಾಡ್ಬೇಡಿ. ಊಟ ಸೇರಲ್ಲ ನಂಗೆ."

ಹೊರಗೆ ಹೋದೆ. ಒಲೆಯ ಮೇಲುಗಡೆ ಒಂದು ಕಿಟಕಿಯಿತ್ತು. ಛತ್ರಿ ಹಿಡಿದು ಆ ಕಿಟಕಿಯ ಕೆಳಗೆ, ಗಾಡಿಯ ಮೈಗೆ ಒರಗಿ, ಕಥೆಯನ್ನು ಬಿಟ್ಟಲ್ಲಿಂದ ಮುಂದುವರಿಸಿದೆ. ಕಿಟಕಿಯಿಂದ ಸಾರಿನ ಪರಿಮಳ ಬರುತ್ತಿತ್ತು, ಮೇಲಿನಿಂದ ನೀರು ಬರುತ್ತಿತ್ತು. ಒಟ್ಟಿನಲ್ಲಿ ತಕ್ಕಮಟ್ಟಿಗೆ ಸುಖವಾಗಿಯೇ ಇದ್ದೆ. ಆಗ ಪಕ್ಕದ ಗಾಡಿಯ ಫ್ರಾವ್ ಕೆಸ್ಲರ್, ಮಳೆಯಂಗಿ ತೊಟ್ಟ ಗಟ್ಟಿಮುಟ್ಟು ಅಜ್ಜಿ, ಹತ್ತಿರ ಬಂದು ನನ್ನ ತೋಳು ಹಿಡಿದು ಮೆಲ್ಲಗೆ ಹೇಳಿದರು: "ಬನ್ನಿ, ನಮ್ಮಲ್ಲಿ ಕಾಫಿ ಇದೆ. ಗಾಡಿ ಹಿಂದಕ್ಕೆ ಹೊಡೆಯುವಾಗ ಜಗಳವಾಯಿತು ತಾನೇ? ಮೊದಲ ದಿನ ಎಲ್ಲರನ್ನೂ ಹೀಗೆ ಹೊರಗೆ ಹಾಕುತ್ತಾರೆ. ಸಂಜೆಯೊಳಗೆ ಸೇರಿಸಿಕೊಳ್ಳುತ್ತಾರೆ."

ಕಿಟಕಿಯಿಂದ ವಿನುತಾಳ ನಗು ಕೇಳಿಸಿತು. ಎಷ್ಟು ನಕ್ಕಳೆಂದರೆ ಒಲೆ ಆರಿಸಿ ಬೆಂಚಿನಲ್ಲಿ ಕೂತು ನಗಬೇಕಾಯಿತು. ನಾನು ಒಳಗೆ ಬಂದು, ನೀರು ಸುರಿಸಿಕೊಂಡು ನಿಂತು, ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟೆ. ಭಾರವೂ ಅಲ್ಲ, ಕೊಕ್ಕೆಯೂ ಅಲ್ಲ, ಘಾಟೂ ಅಲ್ಲ. ನೀನು ಅಡುಗೆ ಮಾಡುವಾಗ ನಿಂತು ಮಾತಾಡಲು ಯಾವ ಗಾಡಿಯಲ್ಲೂ ನನಗೊಂದು ಜಾಗವಿಲ್ಲ, ಮಾತಿಲ್ಲದ ಪ್ರವಾಸ ನನಗೆ ಬೇಡ ಎಂದೆ.

ಅವಳು ಕಣ್ಣೊರೆಸಿಕೊಂಡಳು. "ಅಷ್ಟೇನಾ? ನಾಳೆ ಒಲೆ ಮುಂದೆ ನೀವೇ ನಿಂತ್ಕೊಳ್ಳಿ. ಅಲ್ಲಿ ಒಬ್ಬರಿಗೆ ಬೇಕಾದಷ್ಟು ಜಾಗ ಇದೆ. ನಾನು ಕೂತ್ಕೊಂಡು ಮಾತಾಡ್ತೀನಿ."

ಮರುದಿನ ನಾನು ಅಡುಗೆಗೆ ನಿಂತೆ. ನಿಂತು ನೋಡುವುದರಲ್ಲಿ ನನಗಿರುವಷ್ಟು ಅನುಭವ ಯಾರಿಗಿದೆ ಎಂಬ ಧೈರ್ಯ. ಒಂದು ಒಲೆಯಲ್ಲಿ ಸಾರು, ಇನ್ನೊಂದರಲ್ಲಿ ಪಲ್ಯ. ವಿನುತಾ ಬೆಂಚಿನ ಮೇಲೆ ಕಾಲು ಚಾಚಿ, ಬೆನ್ನಿಗೆ ದಿಂಬು ಕೊಟ್ಟು ಕೂತು, ಮಾತು ಶುರುಮಾಡಿದಳು. ಪ್ರಯೋಗಾಲಯದ ಯಾರದೋ ವಿಷಯ, ಮಗಳ ವಿಷಯ, ಆಮೇಲೆ ಇನ್ನೇನೋ. ಅವಳು ಒಂದೇ ಸಮನೆ ಇಷ್ಟು ಹೊತ್ತು ಮಾತಾಡಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಆವತ್ತೂ ಕೇಳಲಿಲ್ಲ. ಎಣ್ಣೆ ಕಾಯುತ್ತಿತ್ತು, ಸಾಸಿವೆ ಸಿಡಿದು ಕನ್ನಡಕಕ್ಕೆ ಹಾರಿತು, ಕರಿಬೇವು ಸಿಂಕಿನಲ್ಲೇ ಉಳಿದಿತ್ತು, ಸಾರು ಉಕ್ಕುವ ಹುನ್ನಾರದಲ್ಲಿತ್ತು. ಮಾತು ನಿಂತಂತೆ ಕಂಡಾಗಲೆಲ್ಲ ನಾನು "ಹೂಂ" ಅನ್ನುತ್ತಿದ್ದೆ.

"ಹಾಗಾದ್ರೆ ಒಪ್ಪಿಗೆ ತಾನೇ?"

"ಹೂಂ."

"ಏನು ಒಪ್ಕೊಂಡ್ರಿ, ಹೇಳಿ ನೋಡೋಣ?"

ಸೌಟು ಹಿಡಿದೇ ತಿರುಗಿದೆ. "ಏನು?"

"ಇದೇ ನಕ್ಷೆಯ ಗಾಡಿ ತಗೊಳ್ಳೋದು. ಹೋದ ಕಡೆಯೆಲ್ಲ ಅಡುಗೆ ನಿಮ್ಮದು, ಕೂತು ಮಾತಾಡೋದು ನಂದು. ಎರಡು ಸಲ ಕೇಳಿದೆ, ಎರಡು ಸಲಾನೂ ಹೂಂ ಅಂದ್ರಿ."

ಹೀಗೆ ನಮ್ಮ ಗಾಲಿ ಮನೆಯ ಅಡುಗೆಮನೆ ತೀರ್ಮಾನವಾಯಿತು. ಅದಕ್ಕೆ ನನ್ನ ತಕರಾರಿಲ್ಲ. ಆಡಿದ ಮಾತು ಆಡಿದ್ದೇ. ಆದರೆ ಅವಳು ಅಷ್ಟಕ್ಕೇ ನಿಲ್ಲಿಸಲಿಲ್ಲ. "ಬೇಜಾರು ಮಾಡ್ಕೋಬೇಡಿ. ಇಷ್ಟು ವರ್ಷ ನಾನು ಅಂದ ಹೂಂಗಳೂ ಇದೇ ಜಾತಿಯವು" ಎಂದಳು.

ಬಾಗಿಲಿಗೆ ಒರಗಿ ನಾನು ವರ್ಷಗಟ್ಟಲೆ ಹೇಳಿದ ಆಫೀಸಿನ ಕಥೆಗಳು, ಜಗತ್ತಿನ ಆಗುಹೋಗುಗಳ ವಿಶ್ಲೇಷಣೆಗಳು, ನನ್ನ ಮುಖ್ಯವಾದ ಅಭಿಪ್ರಾಯಗಳು! "ಒಂದೂ ಕೇಳಿಸ್ಕೊಂಡಿಲ್ವಾ?" ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

ಅವಳು ಸಮಾಧಾನ ಮಾಡಲು ಸುಳ್ಳು ಹೇಳುವವಳಲ್ಲ.

"ಒಗ್ಗರಣೆ ಹಾಕೋವಾಗ ಇಲ್ಲ. ಸಾರು ಕುದಿಯೋವಾಗ ಎಲ್ಲಾ ಕೇಳಿಸ್ಕೊಂಡಿದೀನಿ."

ಪಲ್ಯದ ಒಲೆ ಆರಿಸಿದೆ. ಸಾರಿನ ಉರಿ ಸಣ್ಣ ಮಾಡಿ, ಕೈ ಒರೆಸಿಕೊಂಡು, ಅವಳ ಎದುರಿಗೆ ಕೂತೆ.

"ಈಗ ಮೊದಲಿಂದ ಹೇಳು" ಎಂದೆ.