ನೆರಳಿಗೆ ಹೆದರದ ಮೀನುಗಳು

ನನ್ನ ಅಪ್ಪ ಉಡುಪಿಯಿಂದ ಬಂದು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಸಸ್ಯಾಹಾರಿ ಹೋಟೆಲು ನಡೆಸಿದವರು. ನಾನು ಕೆಲಸಕ್ಕೆ ಸೇರಿದ್ದು ಬದಲಾಪುರದಾಚೆಯ ಮೀನುಮರಿ ಕೇಂದ್ರಕ್ಕೆ. ನದಿಯಲ್ಲಿ ಅಪರೂಪವಾಗುತ್ತಿರುವ ಮಹಶೀರ್ ಮೀನನ್ನು ಸಿಮೆಂಟು ತೊಟ್ಟಿಯಲ್ಲಿ ಸಾಕಿ, ಮರಿ ಮಾಡಿಸಿ, ಉಲ್ಹಾಸ್ ನದಿಗೆ ಬಿಡುವುದು ಅಲ್ಲಿನ ಕೆಲಸ. ಮುಂದಿನ ಮರಿಗಳಿಗೆ ತಂದೆತಾಯಿ ಯಾವ ಮೀನು ಎಂದು ಹತ್ತು ವರ್ಷ ಆರಿಸಿದವಳು ನಾನೇ. ಆಹಾರ ಹಾಕಲು ಕೈ ಚಾಚಿದೊಡನೆ ಮೊದಲು ಮೇಲೆ ಬರುವ, ಬೇಗ ದಪ್ಪವಾಗುವ ಮೀನುಗಳೇ ನನಗೆ ಇಷ್ಟ. ಅವು ನನ್ನನ್ನು ಗುರುತಿಸುತ್ತವೆ ಎಂದು ಮನೆಯಲ್ಲಿ ಹೇಳಿ ಹಿಗ್ಗುತ್ತಿದ್ದೆ. ನದಿಗೆ ಬಿಟ್ಟ ಮೇಲೆ ಅವುಗಳ ಗತಿ ಏನೆಂದು ನಾವು ಯಾರೂ ನೋಡಿರಲಿಲ್ಲ.

ಆ ವರ್ಷ ಮರಿ ಬಿಡುವುದನ್ನು ದೊಡ್ಡ ಸಮಾರಂಭ ಮಾಡುವುದೆಂದಾಗಿತ್ತು. ಅದಕ್ಕೆ ಎರಡು ದಿನವಿರುವಾಗ ಒಂದು ಬೆಳ್ಳಕ್ಕಿ ಬಂದು ತೊಟ್ಟಿಯ ಅಂಚಿನಲ್ಲಿ ಕೂತಿತು. ಮೇಲೆ ಬಲೆ ಇತ್ತು, ಏನೂ ಆಗಲಿಲ್ಲ. ಆದರೆ ಹಕ್ಕಿಯ ನೆರಳು ನೀರಿಗೆ ಬಿದ್ದೊಡನೆ ಮರಿಗಳೆಲ್ಲ ಬಾಯಿ ತೆರೆದು ಅದರ ಕಡೆಗೇ ನುಗ್ಗಿದವು. ತಳಕ್ಕೆ ಕಲ್ಲು ಹಾಕಿದ್ದ ಪಕ್ಕದ ಸಣ್ಣ ತೊಟ್ಟಿಯಲ್ಲಿ, ಮುದುಕ ಮೀನುಗಾರರೊಬ್ಬರು ನದಿಯಿಂದ ತಂದುಕೊಟ್ಟ ನಾಲ್ಕು ಮರಿಗಳಿದ್ದವು. ಅದರ ಮೇಲೆ ಕೈಯಾಡಿಸಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ನಾಲ್ಕೂ ಕಲ್ಲಿನ ಸಂದಿಯಲ್ಲಿ ಮಾಯ.

ನೇರ ಕೇಂದ್ರದ ಮುಖ್ಯಸ್ಥರಾದ ಸಾಹೇಬರ ಕೋಣೆಗೆ ಹೋದೆ. ಅವರು ಧಾರವಾಡದ ಕಡೆಯವರು.

"ಸರ್, ಈ ಮರಿಗಳನ್ನು ಈಗ ಬಿಡುವುದು ಬೇಡ. ನೆರಳು ಕಂಡ್ರೆ ಊಟ ಬಂತು ಅಂತ ಮೇಲೆ ಬರ್ತವೆ. ಹಕ್ಕಿಗೂ ಹೆದರುದಿಲ್ಲ."

"ನದಿಗೆ ಬಿದ್ದ ಮ್ಯಾಲೆ ತಾವ ಕಲೀತಾವ್ರೀ."

"ಕಲೀಲಿಕ್ಕೆ ಬದುಕಿರ್ಬೇಕಲ್ಲ ಸರ್?"

"ಇನ್ವಿಟೇಶನ್ ಎಲ್ಲಾ ಹೋಗ್ಯಾವು. ಈಗ ನಿಲ್ಲಸಾಕ ಆಗೂದಿಲ್ಲ." ಅವರು ಫೈಲು ತೆರೆದರು. ಮಾತು ಮುಗಿದಿತ್ತು.

ಸಂಜೆ ಲೋಕಲ್ ರೈಲಿನಲ್ಲಿ ನಿಂತೇ ಮನೆಗೆ ಬಂದೆ. ನೆರಳು ಕಂಡರೆ ಅಡಗುವ ಮೀನಿಗೆ ತೊಟ್ಟಿಯಲ್ಲಿ ಊಟ ಕಡಿಮೆ, ಅದು ಸಣಕಲಾಗಿಯೇ ಇರುತ್ತಿತ್ತು. ಅಂಥವನ್ನು ಪ್ರತಿಸಲವೂ ಪಕ್ಕಕ್ಕೆ ಸರಿಸಿದ್ದೆ. ಹೆದರಿಕೆಯನ್ನೇ ಆ ವಂಶದಿಂದ ಆರಿಸಿ ತೆಗೆದಿದ್ದೇನೆ ಎಂದು ಆಗ ಹೊಳೆಯಿತು.

ಸಮಾರಂಭದ ಬೆಳಿಗ್ಗೆ ದಂಡೆಯ ಮೇಲೆ ಮರಿಗಳ ಕ್ಯಾನುಗಳು ಸಾಲಾಗಿದ್ದವು. ಅತಿಥಿಗಳು ಮೂರು ಕ್ಯಾನು ಬಗ್ಗಿಸಿದರು. ಚಪ್ಪಾಳೆ ಬಿತ್ತು. ಮರಿಗಳು ಆಳಕ್ಕೆ ಹೋಗಲೇ ಇಲ್ಲ. ನಿಂತವರ ನೆರಳಿನಲ್ಲಿ ಗುಂಪಾಗಿ, ಬಾಯಿ ಮೇಲೆ ಮಾಡಿ ಕಾದವು. ಜನ ಖುಷಿಯಿಂದ ಫೋಟೊ ತೆಗೆದರು. ಅಷ್ಟರಲ್ಲಿ ಒಂದು ಬೆಳ್ಳಕ್ಕಿ ಇಳಿಯಿತು, ಅದರ ಹಿಂದೆ ಮತ್ತೆ ಮೂರು. ಕೊಕ್ಕು ಬಿದ್ದಾಗಲೆಲ್ಲ ಒಂದು ಮರಿ. ಪಕ್ಕದ್ದು ಹೋದರೂ ಉಳಿದವು ಚದುರಲಿಲ್ಲ.

"ಬಾಯೀ, ಹೇ ಮಾಸೇ ಪಳತಚ್ ನಾಹೀತ್!" ಎಂದು ಮರಾಠಿಯಲ್ಲಿ ಕೂಗಿದರು, ದಂಡೆಯ ಮೇಲೆ ನಿಂತಿದ್ದ ಆ ಮುದುಕ ಮೀನುಗಾರರು. ಅಮ್ಮಾ, ಈ ಮೀನುಗಳು ಓಡುತ್ತಲೇ ಇಲ್ಲವಲ್ಲ ಎಂದು.

ಕ್ಯಾನಿನ ಮುಚ್ಚಳ ಎತ್ತಿಕೊಂಡು ನೀರಿಗಿಳಿದೆ. ಚೂಡಿದಾರ ಮೊಣಕಾಲವರೆಗೆ ಒದ್ದೆಯಾಯಿತು. ನೀರನ್ನು ಬಡಿದೆ, ಕೂಗಿದೆ, ಹಕ್ಕಿಗಳನ್ನು ಅಟ್ಟಿದೆ.

"ಮೇಡಂ, ಏನ್ ಮಾಡಾಕತ್ತೀರಿ? ಮ್ಯಾಲ ಬರ್ರಿ!" ಸಾಹೇಬರು ದಂಡೆಯಿಂದ ಕೂಗಿದರು.

"ಉಳಿದ ಕ್ಯಾನು ಬಗ್ಗಿಸ್ಬೇಡಿ ಸರ್, ದಮ್ಮಯ್ಯ!"

ಒಬ್ಬ ಅತಿಥಿಯ ಕೈಯಲ್ಲಿ ನಾಲ್ಕನೆಯ ಕ್ಯಾನು ಅರ್ಧ ವಾಲಿ ನಿಂತಿತ್ತು. ಸಾಹೇಬರು ಬಗ್ಗಿ ನೀರು ನೋಡಿದರು. ಅವರ ನೆರಳಿಗೇ ಒಂದು ಹಿಂಡು ಮೇಲೆ ಬಂತು. ಅವರ ಬೂಟಿನಿಂದ ನಾಲ್ಕಡಿ ದೂರದಲ್ಲೇ ಹಕ್ಕಿ ಅದರಲ್ಲೊಂದನ್ನು ಎತ್ತಿತು. ಅವರು ನೆಟ್ಟಗೆ ನಿಂತರು. ಆಮೇಲೆ ಅತಿಥಿಯ ಕೈಯಿಂದ ಕ್ಯಾನು ತೆಗೆದುಕೊಂಡು, "ಇವತ್ತಿಗೆ ಇಷ್ಟ ಸಾಕ್ರೀ" ಎಂದರು.

ಅತಿಥಿಗಳೆಲ್ಲ ಹೋದ ಮೇಲೆ ಸಾಹೇಬರೂ ಪ್ಯಾಂಟು ಮಡಚಿ ನೀರಿಗಿಳಿದರು. ಮಧ್ಯಾಹ್ನದವರೆಗೆ ಇಬ್ಬರೂ ಹಕ್ಕಿ ಅಟ್ಟಿದೆವು. ಆದರೂ ಬಹಳಷ್ಟು ಮರಿ ಹೋದವು.

ಒಂದು ವಾರ ಅವರು ತೊಟ್ಟಿಗಳ ಕಡೆ ಸುಳಿಯಲಿಲ್ಲ. ಆಮೇಲೆ ಒಂದು ದಿನ ತೊಟ್ಟಿಯ ಬಳಿ ಬಂದು, "ನದಿ ಮೀನ ತರಸೂಣೇನ್ರೀ?" ಎಂದು ಕೇಳಿದರು. ಮುದುಕರು ಹಿಡಿದು ತಂದ ಮೀನುಗಳೇ ಮುಂದಿನ ಮರಿಗಳಿಗೆ ತಂದೆತಾಯಿಯಾದವು. ತೊಟ್ಟಿಗೆ ಕಲ್ಲು ಹಾಕಿದೆವು, ನೀರು ಹರಿಯುವಂತೆ ಮಾಡಿದೆವು, ಯಾರೂ ಮೇಲೆ ಬಗ್ಗದ ಹಾಗೆ ಪೈಪಿನಲ್ಲಿ ಆಹಾರ ಬಿಟ್ಟೆವು. ನನಗೆ ಅವುಗಳ ಮುಖವೇ ಕಾಣುತ್ತಿರಲಿಲ್ಲ. ಬೇಸರವಾಗುತ್ತಿತ್ತು, ತಡೆದುಕೊಂಡೆ.

ಎರಡು ಮಳೆಗಾಲ ಕಳೆದು ಮರಿ ಬಿಡುವಾಗ ಅತಿಥಿಗಳಿರಲಿಲ್ಲ. ಕ್ಯಾನನ್ನು ನೀರಿನೊಳಗೇ ತೆರೆದೆ. ಒಂದು ಸಣ್ಣ ಸುಳಿ ಎದ್ದಿತು, ಅಷ್ಟೇ.

"ಎಲ್ಲಿ ಹೋದುವ್ರೀ?" ಎಂದರು ಸಾಹೇಬರು.

"ಗೊತ್ತಿಲ್ಲ ಸರ್" ಎಂದೆ. ಎಷ್ಟು ಬದುಕಿವೆಯೋ ಇಂದಿಗೂ ಗೊತ್ತಿಲ್ಲ. ಅಂದು ಮಾತ್ರ ಎಷ್ಟು ಹುಡುಕಿದರೂ ಒಂದೂ ಕಣ್ಣಿಗೆ ಬೀಳಲಿಲ್ಲ.