ಮೊದಲ ಸಂಚಿಕೆಯ ಕೊನೆಯ ಪುಟ

ನಾನು ಬಸವಕಲ್ಯಾಣದ ಕಾಲೇಜೊಂದರಲ್ಲಿ ಗ್ರಂಥಪಾಲಕಿ. ಬಿಡುವಿದ್ದಾಗ ಒಂದು ವಾರಪತ್ರಿಕೆಗೆ ಮಕ್ಕಳ ಪುಸ್ತಕಗಳ ಬಗ್ಗೆ ಬರೆಯುತ್ತೇನೆ. ಅದು ಗೊತ್ತಿದ್ದೇ ನನ್ನ ಚಿಕ್ಕಮ್ಮನ ಮಗಳು ಹುಮನಾಬಾದಿನಿಂದ ಫೋನ್ ಮಾಡಿದಳು. ಅವಳು ಅಲ್ಲಿ ಚಿತ್ರಕಲಾ ಶಿಕ್ಷಕಿ. ಗಂಡ ರಾಸಾಯನಿಕ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಗ್ಯಾಸು ಬಡಿದು ತೀರಿಹೋದ. ನಮಗೆಲ್ಲ ತಿಳಿದದ್ದು ಅಷ್ಟೇ. ಆಮೇಲೆ ಅವಳು ಯಾರ ಮನೆಗೂ ಬರುತ್ತಿರಲಿಲ್ಲ.

"ಅಕ್ಕ, ಒಂದು ಕಾಮಿಕ್ಸ್ ಮಾಡಾಕತ್ತೇನಿ. ರಾಕೆಟ್ಟಿಂದು, ನಾವು ಸಣ್ಣವರಿದ್ದಾಗ ಓದತಿದ್ವಲ್ಲ, ಹಂತಾದ್ದೇ. ಮೊದಲನೇ ಸಂಚಿಕೆ ಅಚ್ಚಿಗೆ ಕೊಡೂದಕ್ಕಿಂತ ಮುಂಚೆ ನೀ ನೋಡಬೇಕು. ಕೆಟ್ಟಿದ್ರ ಕೆಟ್ಟದ ಅನ್ನು. ನನ್ನ ಮಾರಿ ನೋಡಿ ಹೇಳಬ್ಯಾಡ."

ಭಾನುವಾರ ಬಸ್ಸು ಹತ್ತಿದೆ. ದಾಲ್ ಮಿಲ್ಲುಗಳ ಹಿಂದಿನ ಓಣಿಯಲ್ಲಿ ಅವಳ ಮನೆ. ಕಾರ್ಖಾನೆಗಳ ಕಡೆಯಿಂದ ಗಾಳಿ ಬೀಸುತ್ತಿತ್ತೆಂದು ಕಿಟಕಿಗಳೆಲ್ಲ ಮುಚ್ಚಿದ್ದವು. ಅವಳ ಅತ್ತೆ ನೆಲದ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. "ಬಾ ಯವ್ವಾ" ಅಂದರು.

ಅವಳು ಹಾಳೆಗಳನ್ನು ಮಂಚದ ಮೇಲೆ ಹರವಿದಳು. ಬೇಸಿಗೆ ರಜೆಯಲ್ಲಿ ಅಜ್ಜಿಮನೆಯ ಮಾಳಿಗೆ ಮೇಲೆ ಇಬ್ಬರೂ ಒಂದೇ ಪುಸ್ತಕಕ್ಕೆ ಜಗಳಾಡುತ್ತ ಓದಿದ ಆ ಹಳೆಯ ಚಿತ್ರಕಥೆಗಳನ್ನೇ ಕಂಡಂತಾಯಿತು. ಬಾಲಕ್ಕೆ ರೆಕ್ಕೆಯಿದ್ದ ಚೂಪುಮೂತಿಯ ರಾಕೆಟ್ಟು, ತಲೆಗೆ ಗಾಜಿನ ಬುರುಡೆ ತೊಟ್ಟ ಯಾತ್ರಿಕರು, ಗೆರೆ ದಾಟಿ ಹೊರಗೆ ಹರಿದ ಕೆಂಪು ಹಳದಿ ಬಣ್ಣ. ಹಳೆಯ ಅಗ್ಗದ ಅಚ್ಚಿನಂತೆ ಬಣ್ಣ ತಪ್ಪಿ ಬೀಳಲೆಂದೇ ಅವಳು ಕಷ್ಟಪಟ್ಟಿದ್ದಳು. ನಾಲ್ಕು ಕೈಗಳ ವ್ಯಾಪಾರಿಗಳು ಬೇರೆ ಗ್ರಹದ ಸಂತೆಯಲ್ಲಿ ಹುಮನಾಬಾದಿನ ಮಾತಿನಲ್ಲೇ ತೊಗರಿಯ ಹರಾಜು ಕೂಗುತ್ತಿದ್ದರು. ಅದನ್ನು ಓದಿ ನಕ್ಕೆ. ಅವಳೂ ನಕ್ಕಳು. ಖಳರಾಜನ ಭಾಷಣ ಉದ್ದವಾಯಿತು ಅಂದೆ. ಅಲ್ಲೇ ಪೆನ್ಸಿಲ್ಲಿನಿಂದ ಹೊಡೆದುಹಾಕಿದಳು.

ನಾಯಕನಿಗೆ ಅವಳ ಗಂಡನದೇ ಮುಖ. ಅದನ್ನು ಇಬ್ಬರೂ ಎತ್ತಲಿಲ್ಲ.

ಕೊನೆಗೆ ನಾಯಕ ಇಂಧನದ ಕೋಣೆಗೆ ಇಳಿಯುತ್ತಾನೆ. ಬಾಗಿಲು ಮುಚ್ಚಿಕೊಳ್ಳುತ್ತದೆ, ಒಳಗೆ ವಿಷಗಾಳಿ ತುಂಬುತ್ತದೆ. ಜೊತೆಗಾರರೆಲ್ಲ ದೂರದ ಬೆಟ್ಟದಲ್ಲಿದ್ದಾರೆ. ಪುಟ ತಿರುಗಿಸಿದರೆ ಬಾಗಿಲು ತೆರೆದಿದೆ, ಅವನು ನಗುತ್ತ ಹೊರಗೆ ನಿಂತಿದ್ದಾನೆ.

"ಇದು ಕೂಡಲಿಲ್ಲ ನೋಡು" ಅಂದೆ. "ಬಾಗಲಾ ಹೊರಗಿಂದ ಅಷ್ಟೇ ತೆರೀತದ ಅಂತ ನೀನೇ ಬರದೀದಿ. ಹೊರಗ ಯಾರೂ ಇಲ್ಲ. ಮತ್ತ ತೆಗದವರು ಯಾರು?"

ಅವಳು ಆ ಹಾಳೆಯನ್ನು ತನ್ನ ಕಡೆ ಎಳೆದುಕೊಂಡಳು.

"ಯಾರೂ ತೆಗಿಲಿಲ್ಲಕ್ಕ" ಅಂದಳು. "ಕಾರ್ಖಾನ್ಯಾಗ ಅವರನ್ನ ಟ್ಯಾಂಕ್ ತೊಳಿಲಿಕ್ಕೆ ಇಳಿಸಿದ್ರು. ಮ್ಯಾಲ ಒಬ್ಬ ನಿಂದರಬೇಕಂತ ಕಾಯದೆ ಅದ. ನಿಂತವನ್ನ ಬ್ಯಾರೆ ಕೆಲಸಕ್ಕ ಕಳಿಸಿದ್ರು. ಮುಚ್ಚಳಾ ಬಿತ್ತು. ಕಥ್ಯಾಗರೆ ಯಾರರೆ ತೆಗೀಲಿ ಅಂತ ಬರದೆ."

ಹಾಗಿದ್ದರೆ ಹಾಗೇ ಇರಲಿ ಬಿಡು ಅಂದೆ.

"ನಂಬಲಿಕ್ಕೆ ಬರತದೇನು, ಅದನ್ನ ಹೇಳು."

"ಇಲ್ಲ" ಅಂದೆ. ಬೇರೆ ಏನು ಹೇಳಿದ್ದರೂ ಅವಳು ನನ್ನನ್ನು ಮತ್ತೆಂದೂ ಕರೆಯುತ್ತಿರಲಿಲ್ಲ.

ಅವಳು ಆ ಪುಟವನ್ನು ಹೊಸದಾಗಿ ಬರೆದು ಅಚ್ಚಿಗೆ ಕೊಟ್ಟಳು. ಈಗ ಅದರಲ್ಲಿ ಮುಚ್ಚಿದ ಬಾಗಿಲಿನ ಒಳಮೈ, ಅದರ ಮೇಲೆ ಎರಡು ಅಂಗೈ, ಅಷ್ಟೇ. ಮಾತಿಲ್ಲ. ಶಾಲೆಯ ಪ್ರದರ್ಶನದಲ್ಲಿ ಪ್ರತಿಗಳನ್ನು ಇಟ್ಟರೆ ಮುಖ್ಯೋಪಾಧ್ಯಾಯರು, "ಮಕ್ಕಳ ಪುಸ್ತಕದಾಗ ಹೀರೋ ಸಾಯತಾನೇನ್ರಿ ಟೀಚರ್? ಅದೂ ಮೊದಲನೇ ಸಂಚಿಕೆಗೇ?" ಎಂದು ತೆಗೆಸಿದರಂತೆ. ಕಟ್ಟುಗಳು ಮನೆಗೆ ವಾಪಸು ಬಂದವು. ವಾರಪತ್ರಿಕೆಯಲ್ಲಿ ನಾನು ಬರೆದೆ: ಖಳ ಪೊಳ್ಳು, ಮಾತು ಇನ್ನೂ ಜಾಸ್ತಿ, ಸಂತೆಯ ಪುಟಗಳು ಸೊಗಸು, ಕೊನೆಯ ಪುಟ ಮರೆಯಲಾಗದ್ದು. ಗಂಡನ ಸುದ್ದಿ ಎತ್ತಲಿಲ್ಲ. ಎತ್ತಬಾರದೆಂದು ಅವಳೇ ಹೇಳಿದ್ದಳು.

ಪತ್ರಿಕೆ ಕೊಡಲು ಹೋದ ದಿನ ಅತ್ತೆ ಕಾಮಿಕ್ಸಿನ ಒಂದು ಪ್ರತಿ ಕೈಗೆತ್ತಿಕೊಂಡರು. ಅವರಿಗೆ ಓದು ಬರುವುದಿಲ್ಲ. ಒಂದೊಂದೇ ಚಿತ್ರ ನೋಡುತ್ತ, ಮಗನ ಮುಖ ಬಂದಲ್ಲೆಲ್ಲ ಬೆರಳಾಡಿಸುತ್ತ ಕೊನೆಯವರೆಗೆ ಬಂದರು. ಆಮೇಲೆ ನನ್ನನ್ನು ಕೇಳಿದರು:

"ಇಂವಾ ಒಳಗಿಂದ ಬಡದಿದ್ದನೇನ ಯವ್ವಾ?"

ಸೊಸೆ ಅಡುಗೆಮನೆಯಿಂದ ಬಂದು ಅವರೆದುರು ಕೂತಳು.

"ಬಡದಿದ್ರು ಅತ್ತಿ. ದವಾಖಾನಿಯಾಗ ನಾ ಕೈ ನೋಡೀನಿ."

ಮುದುಕಿ ಅಳಲಿಲ್ಲ. "ನಂಗ ನೀ ಹೇಳೇ ಇಲ್ಲಲ್ಲ" ಅಂದರು. ಸೊಸೆ ತಲೆ ತಗ್ಗಿಸಿದಳು. ಅತ್ತೆ ಅವಳ ಕೈಯನ್ನು ಎಳೆದು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಒಲೆಯ ಮೇಲೆ ಬೇಳೆ ಸೀದ ವಾಸನೆ ಬಂದರೂ ಅವರಿಬ್ಬರು ಏಳಲಿಲ್ಲ; ಹೋಗಿ ನಾನೇ ಆರಿಸಿದೆ.