ನಡುವಿನ ಪ್ಲಗ್ಗು

ಗ್ಯಾಸ್ ಒಲೆ ಹಚ್ಚುವ ಲೈಟರಿನ ಸದ್ದಿಗೆ ನಾನು ಈಗಲೂ ಒಂದು ಹೆಜ್ಜೆ ಹಿಂದೆ ಸರಿಯುತ್ತೇನೆ. ಹೆಂಡತಿ ನಗುತ್ತಾಳೆ. ನಡೆದದ್ದನ್ನು ಅವಳಿಗೆ ಎರಡು ಮೂರು ಸಲ ಹೇಳಿದ್ದೇನೆ. ಪ್ರತಿ ಸಲವೂ ಬೆಂಕಿಯ ಭಾಗ ಬಂದಾಗ ಬೇಗ ಬೇಗ ಹೇಳಿ ದಾಟಿಬಿಡುತ್ತೇನೆ. ಬರೆದರೆ ಹಾಗೆ ದಾಟಲು ಆಗುವುದಿಲ್ಲವೆಂದು ಬರೆಯಲು ಕೂತಿದ್ದೇನೆ.

ನನ್ನ ಮನೆ ಗದಗಿನಲ್ಲಿ, ಪಾಠ ಹೇಳುವುದು ಲಕ್ಷ್ಮೇಶ್ವರದ ಕಾಲೇಜಿನಲ್ಲಿ. ಓಡಾಟಕ್ಕೆ ಒಂದು ಹಳೆಯ ಪೆಟ್ರೋಲ್ ವ್ಯಾನು ಇದೆ. ಪರೀಕ್ಷೆಗಳು ಮುಗಿದ ವಾರ ಅದು ಶಿರಹಟ್ಟಿಯ ಹತ್ತಿರ ಹೊಗೆ ಉಗುಳಿ ನಿಂತಿತು. ತಳ್ಳಿಕೊಂಡು ಹೋಗಿ ಊರ ಹೊರಗಿನ ಗ್ಯಾರೇಜಿಗೆ ಮುಟ್ಟಿಸಿದೆ. ಎಂಜಿನ್ನು ಜಾಮಾಗಿತ್ತು. ರಿಪೇರಿ ಮಾಡುವುದಕ್ಕಿಂತ ಹುಬ್ಬಳ್ಳಿಯ ಗುಜರಿಯಿಂದ ಇನ್ನೊಂದು ಎಂಜಿನ್ ತಂದು ಕೂರಿಸುವುದೇ ವಾಸಿ ಎಂದು ಅಲ್ಲಿಯ ಹಿರಿಯ ಮಿಸ್ತ್ರಿ ಹೇಳಿದರು. ನನಗೂ ರಜೆ ಇತ್ತು. ಹತ್ತು ದಿನ ಅಲ್ಲಿ ಕೂತೆ.

ಆ ಗ್ಯಾರೇಜು ಅಣ್ಣ-ತಮ್ಮಂದಿರದು. ಅಣ್ಣ ಅರವತ್ತರ ಹತ್ತಿರದವರು, ಬಿಳಿ ಗಡ್ಡ, ಎಂಜಿನ್ ಕೆಲಸದಲ್ಲಿ ಪಳಗಿದ ಕೈ. ತಮ್ಮನಿಗೆ ಐವತ್ತು ಇನ್ನೂ ಆಗಿರಲಿಲ್ಲ, ಗ್ಯಾಸ್ ವೆಲ್ಡಿಂಗು ಅವನದು. ಒಂದೇ ತಗಡಿನ ಶೆಡ್ಡು, ಒಂದೇ ಮನೆ, ಅಣ್ಣನ ಹೆಂಡತಿ ಇಬ್ಬರಿಗೂ ಕಳಿಸುತ್ತಿದ್ದ ಒಂದೇ ಊಟದ ಡಬ್ಬಿ. ಆದರೆ ಆರು ವರ್ಷದಿಂದ ಇಬ್ಬರ ನಡುವೆ ಮಾತಿರಲಿಲ್ಲ. ಕಾರಣವನ್ನು ಒಬ್ಬ ಗಿರಾಕಿ ಮದುವೆ ಮನೆಯ ಜಗಳ ಎಂದ, ಇನ್ನೊಬ್ಬ ಯಾವುದೋ ಟ್ರ್ಯಾಕ್ಟರಿನ ಗೇರ್ ಬಾಕ್ಸು ಎಂದ. ಅವರನ್ನೇ ಕೇಳುವ ಧೈರ್ಯ ನನಗಾಗಲಿಲ್ಲ.

ಹಾಗೆಂದು ಕೆಲಸವೇನೂ ನಿಂತಿರಲಿಲ್ಲ. ಅದಕ್ಕೆ ಅವರೊಂದು ಪದ್ಧತಿ ಮಾಡಿಕೊಂಡಿದ್ದರು. ಇಬ್ಬರೂ ಕೆಲಸ ಮಾಡುವ ಜಾಗದ ನಡುವೆ ಹಳೆಯ ಬಸ್ಸಿನ ಸೀಟೊಂದನ್ನು ಹಾಕಿದ್ದರು. ಅದರ ಮೇಲೆ ಕೂತ ಗಿರಾಕಿಯೇ ಮಾತು ಮುಟ್ಟಿಸಬೇಕು. ಮೊದಲ ದಿನ ನಾನು ಕೂತು ಚಹಾ ಬಾಯಿಗಿಡುವಷ್ಟರಲ್ಲಿ ಅಣ್ಣ, "ಸರ, ಅವಗ ಹದಿನಾಲ್ಕರ ಪಾನಾ ಕೊಡು ಅನ್ರಿ" ಎಂದರು. ತಮ್ಮ ನಾಲ್ಕು ಮಾರು ದೂರದಲ್ಲಿದ್ದ. ಎಲ್ಲವೂ ಕೇಳಿಸಿತ್ತು. ಆದರೂ ಕೈಯಲ್ಲಿ ಆ ಪಾನಾ, ಅಂದರೆ ನಟ್ಟು ಬಿಚ್ಚುವ ಸ್ಪ್ಯಾನರು, ಹಿಡಿದು, ನಾನು ಅದನ್ನೇ ಮತ್ತೆ ಹೇಳುವವರೆಗೆ ಕಾದ.

ಎದುರಿಗಿದ್ದಾಗ ಇಬ್ಬರದೂ ಅಳತೆಯ ಮಾತು. ಒಬ್ಬರು ಹೊರಗೆ ಹೋದರೆ ಮಾತ್ರ ಇನ್ನೊಬ್ಬರ ಬಾಯಿ ಬಿಚ್ಚುತ್ತಿತ್ತು. ಬಿಟ್ಟುಹೋಗುವ ಸಂದೇಶದಲ್ಲಿ ಕೆಲಸದ ಮಾತು ಒಂದು ಹಿಡಿ ಇದ್ದರೆ ಬೈಗುಳ ಒಂದು ಬುಟ್ಟಿ. ನಾನು ಓದಿದವನು, ನಾಲ್ಕು ಜನಕ್ಕೆ ತಿಳಿವಳಿಕೆ ಹೇಳುವವನು. ಬೈಗುಳವನ್ನೆಲ್ಲ ತೆಗೆದು, ಒಳ್ಳೆಯದನ್ನಷ್ಟೇ ಮುಟ್ಟಿಸತೊಡಗಿದೆ. "ಆ ಹೆಡ್ಡನಿಗೆ ಹೇಳ್ರಿ, ವೆಲ್ಡಿಂಗ್ ಮಾಡಿದ್ದು ನಾಯಿ ಕಡದಂಗ ಐತಿ" ಎಂದು ಅಣ್ಣ ಹೇಳಿ ಹೋದರೆ, "ವೆಲ್ಡಿಂಗ್ ಇನ್ನೊಮ್ಮೆ ನೋಡು ಅಂದಾರ" ಎನ್ನುತ್ತಿದ್ದೆ. ಹೀಗೇ ನಡೆದರೆ ಎಂಜಿನ್ ಕೂರುವಷ್ಟರಲ್ಲಿ ಅಣ್ಣ-ತಮ್ಮ ಒಂದಾದಾರು ಎಂದು ಒಳಗೊಳಗೇ ಖುಷಿಯೂ ಇತ್ತು.

ಐದನೆಯ ದಿನ ಹುಬ್ಬಳ್ಳಿಯ ಎಂಜಿನ್ ಬಂತು. ಹಳೆಯ ಟೈರಿನ ಮೇಲೆ ಅದನ್ನು ಕೂರಿಸಿದರು. ಸ್ಪಾರ್ಕ್ ಪ್ಲಗ್ಗು ಬಿಚ್ಚಿ, ಒಳಗೆ ಬೆಳಕು ಬಿಟ್ಟು ನೋಡದೆ ಅಣ್ಣ ಯಾವ ಎಂಜಿನ್ನನ್ನೂ ಗಾಡಿಗೆ ಏರಿಸುವವರಲ್ಲ. ಎಂಜಿನ್ನಿನ ಮೇಲ್ಭಾಗದ ಹೆಡ್ಡಿನಲ್ಲಿ ಮೂರು ಪ್ಲಗ್ಗು, ಒಂದೊಂದೂ ಒಂದೊಂದು ಗುಳಿಯೊಳಗೆ. ಆಚೆಯದು, ಈಚೆಯದು ಸಲೀಸಾಗಿ ಬಂದವು. ನಡುವಿನದು ತುಕ್ಕು ಹಿಡಿದು ಅಂಟಿಕೊಂಡಿತ್ತು. ಜೋರು ಮಾಡಿ ಅದು ಒಳಗೇ ಮುರಿದರೆ ಹೆಡ್ಡೇ ದಂಡ.

ಅಣ್ಣನ ದಾರಿ ತಾಳ್ಮೆಯದು. ಬುಡಕ್ಕೆ ಡೀಸೆಲ್ ಬಿಟ್ಟು, ದಿನಕ್ಕೆ ನಾಲ್ಕು ಸಲ ಪಾನಾ ಹಾಕಿ, ಉಗುರಿನಷ್ಟು ಆ ಕಡೆ, ಉಗುರಿನಷ್ಟು ಈ ಕಡೆ. ತಮ್ಮನ ದಾರಿ ಬೆಂಕಿಯದು. ಗುಳಿಯ ಸುತ್ತ ಎರಡು ನಿಮಿಷ ಗ್ಯಾಸಿನ ಉರಿ ಹಿಡಿದರೆ ಹೆಡ್ಡು ಹಿಗ್ಗಿ ಪ್ಲಗ್ಗು ತಾನೇ ಸಡಿಲಾಗುತ್ತದೆ ಎನ್ನುತ್ತಿದ್ದ. ಎರಡೂ ಸರಿಯಾದ ದಾರಿಗಳೇ ಎಂದು ಆಮೇಲೆ ತಿಳಿಯಿತು. ಎರಡು ದಿನ ಈ ವಾದ ನನ್ನ ಮೂಲಕವೇ ಓಡಾಡಿತು.

ಎಂಜಿನ್ ಬಂದ ಮೂರನೆಯ ದಿನ ಮಧ್ಯಾಹ್ನ ತಮ್ಮ ಬಜಾರಕ್ಕೆ ಹೋಗಿದ್ದ. ಡೀಸೆಲ್ ಕ್ಯಾನು ಖಾಲಿಯಾಗಿತ್ತು, ಇದ್ದಷ್ಟನ್ನು ಬೆಳಿಗ್ಗೆ ಮುಂಡರಗಿಯ ಒಂದು ಜೀಪಿಗೆ ಹಾಕಿ ಕಳಿಸಿದ್ದರು. ಅಣ್ಣ ನನ್ನ ವ್ಯಾನಿನ ಟಾಕಿಯಿಂದಲೇ ಒಂದು ಮಗ್ಗು ಪೆಟ್ರೋಲ್ ಇಳಿಸಿ ಪ್ಲಗ್ಗಿನ ಗುಳಿ ತುಂಬ ಬಿಟ್ಟರು. ತೆಳ್ಳಗಿನದು, ಸಂದಿಗೆ ಬೇಗ ಇಳಿಯುತ್ತದೆ ಎಂದರು. ಅರ್ಧ ಉಳಿದ ಮಗ್ಗನ್ನು ಎಂಜಿನ್ನಿನ ಪಕ್ಕದಲ್ಲೇ ಇಟ್ಟು, ಕೈ ತೊಳೆದು, ನಮಾಜಿಗೆ ಹೊರಟರು. ಹೋಗುವಾಗ ಸಂದೇಶ ಬಿಟ್ಟರು:

"ಸರ, ಆ ಗಡಿಬಿಡಿ ಮನಷ್ಯಾ ಬಂದ್ರ ಹೇಳ್ರಿ. ತಾನ ದೊಡ್ಡ ಶಾಣ್ಯಾ ಅನಕೊಂಡಾನ. ಪೆಟ್ರೋಲ್ ಹಾಕೀನಿ, ಗ್ಯಾಸ್ ತಂದಾನು ಗಿಂದಾನು. ತಂದ್ರ ಕೈ ಮುರೀತೀನಿ ಅನ್ರಿ. ಹುಟ್ಟಿದಾಗಿಂದ ತಡಕೊಳ್ಳೂದು ಗೊತ್ತಿಲ್ಲ ಅದಕ್ಕ."

ಅವರು ಇದನ್ನು ಚಪ್ಪಲಿ ಮೆಟ್ಟುತ್ತ, ದಿನವೂ ಹೇಳುವ ಧಾಟಿಯಲ್ಲೇ ಹೇಳಿದರು. ನಾನೂ ದಿನವೂ ಕೇಳುವ ಧಾಟಿಯಲ್ಲೇ ಕೇಳಿದೆ.

ತಮ್ಮ ಬಂದು, "ಏನ್ ಅಂದಾನರಿ?" ಎಂದ.

"ಸ್ವಲ್ಪ ನಿಧಾನ ಮಾಡು ಅಂದಾರ."

"ಅಷ್ಟ?"

"ಅಷ್ಟ" ಎಂದೆ.

ಮಲಗುವಾಗ, ಪಾಠದ ನಡುವೆ ಹಲಗೆಯ ಕಡೆ ತಿರುಗಿದಾಗ, ನನಗೆ ಕೇಳಿಸುವುದು ಆ "ಅಷ್ಟ." ಬೈಗುಳದ ಜೊತೆ ಪೆಟ್ರೋಲನ್ನೂ ತೆಗೆದುಬಿಟ್ಟಿದ್ದೆ. ಮರೆತಿರಲಿಲ್ಲ. ಅದನ್ನೂ ಅವರ ಹಳೆಯ ವಾದದ ಒಂದು ತುಂಡು ಎಂದು ತಿಳಿದು ಬದಿಗಿಟ್ಟಿದ್ದೆ, ಅಷ್ಟೇ.

ನಿಧಾನ ಎಂಬ ಮಾತು ತಮ್ಮನನ್ನು ಕೆಣಕಿತು. "ನಿಧಾನ ಮಾಡಿ ಮಾಡಿನ ಆಂವ ಮುದುಕ ಆದ. ಆಂವ ಬರೂದ್ರಾಗ ಪ್ಲಗ್ಗು ನಿಮ್ಮ ಕೈಯಾಗ ಇಡ್ತೀನ್ರಿ" ಎಂದು ಸಿಲಿಂಡರಿನ ಗಾಡಿಯನ್ನು ದೂಡಿಕೊಂಡು ಬಂದ. ಪೆಟ್ರೋಲ್ ವಾಸನೆ ಬರಲಿಲ್ಲವೇ ಎಂದು ಹೆಂಡತಿ ಕೇಳುತ್ತಾಳೆ. ಆ ಶೆಡ್ಡಿನಲ್ಲಿ ಆ ವಾಸನೆ ಇಲ್ಲದ ಗಳಿಗೆ ಯಾವುದು? ಮಗ್ಗು ಅವನ ಮೊಣಕಾಲಿನ ಹತ್ತಿರವೇ ಇತ್ತು. ನಾನು ಅದನ್ನು ನೋಡಿದೆ. ಕಾಲು ತಾಗಿ ಉರುಳೀತು ಎಂದಷ್ಟೇ ನನ್ನ ತಲೆಗೆ ಬಂತು.

ಅವನು ಗ್ಯಾಸಿನ ನಳಿಕೆಯ ಬಾಯಿಗೆ ಲೈಟರ್ ಟಿಕ್ಕೆನಿಸಿದ. ಉರಿ ಹಳದಿಯಾಗಿ ಎದ್ದು, ಅವನು ಗ್ಯಾಸಿನ ಕೀಲಿ ತಿರುವುತ್ತಿದ್ದಂತೆ ನೀಲಿಯಾಗಿ ಸಣ್ಣದಾಯಿತು. ಬುಡ ಕಾಣಲೆಂದು ಗುಳಿಯ ಮೇಲೆ ಮುಖ ಬಗ್ಗಿಸಿದ.

ಆಗ ಬಾಗಿಲಿನಿಂದ ಒಂದು ಕೂಗು ಬಂತು. "ಛೋಟೇ, ಹಟ್ ರೇ!"

ಅಣ್ಣ. ಆರು ವರ್ಷದಲ್ಲಿ ಮೊದಲ ಮಾತು, ಅದೂ ಮನೆಯ ಮಾತಿನಲ್ಲಿ, ಸಣ್ಣವನಿದ್ದಾಗ ಕರೆಯುತ್ತಿದ್ದ ಹೆಸರಿನಲ್ಲಿ. ಹಟ್, ಅಂದರೆ ಆಚೆ ಸರಿ, ಎಂದದ್ದು ತಮ್ಮನ ಕಿವಿಗೆ ಬಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಅವನಿಗೆ ಕೇಳಿಸಿದ್ದು ಛೋಟೇ ಎಂಬುದಷ್ಟೇ ಇರಬೇಕು. ಕೈಯಲ್ಲಿ ಉರಿ ಇದೆ ಎಂಬುದನ್ನೂ ಮರೆತು, ಬೆರಗಾಗಿ, ಮುಖವೆತ್ತಿ ಬಾಗಿಲ ಕಡೆ ತಿರುಗಿದ. ತಿರುಗಿದ ಕೈಯಲ್ಲಿದ್ದ ಉರಿ ಗುಳಿಗೆ ತಾಗಿತು. ಭಗ್ ಎಂದು ಬೆಂಕಿ ತಗಡಿನ ಮಾಡಿನವರೆಗೆ ಎದ್ದಿತು. ಒಂದು ಗಳಿಗೆ ಮೊದಲು ಅವನ ಮುಖವಿದ್ದ ಜಾಗದಿಂದಲೇ ಎದ್ದಿತು.

ಮುಂದಿನದೆಲ್ಲ ಅರ್ಧ ನಿಮಿಷ. ತಮ್ಮನ ತೋಳಿಗೆ ಉರಿ ಹತ್ತಿತ್ತು, ಆದರೂ ಅವನ ಕೈ ತಾನಾಗಿಯೇ ಗ್ಯಾಸಿನ ಕೀಲಿ ತಿರುವಿತು. ಕಾದ ಕಬ್ಬಿಣ ಆರಿಸಲು ನೆನೆಸಿಟ್ಟ ಗೋಣಿಚೀಲವನ್ನು ಅಣ್ಣ ಬಾಚಿಕೊಂಡು ಮೊದಲು ಮಗ್ಗಿನ ಮೇಲೆ ಹಾಕಿದರು, ತಮ್ಮನ ತೋಳನ್ನು ಬರಿಗೈಯಲ್ಲಿ ಬಡಿದು ಆರಿಸಿದರು, ಇನ್ನೊಂದು ಚೀಲವನ್ನು ಎಂಜಿನ್ನಿನ ಮೇಲೆ ಎಸೆದರು. ನಾನು ಬಸ್ ಸೀಟಿನ ಕಬ್ಬಿಣದ ಪಟ್ಟಿಯನ್ನು ಹಿಡಿದು ನಿಂತಿದ್ದೆ. ಬೇರೇನೂ ಮಾಡಲಿಲ್ಲ.

ಹೊಗೆ ತಿಳಿಯಾದ ಮೇಲೆ ಅಣ್ಣ ತಮ್ಮನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ಹೆಡ್ಡಿನಲ್ಲಿ ಬಿರುಕು ಹುಡುಕುವಾಗ ಅವರು ಹಾಗೇ ನೋಡುತ್ತಿದ್ದರು. ಎಡಗಡೆಯ ಹುಬ್ಬು ಇರಲಿಲ್ಲ. ತೋಳಿನ ಮೇಲೆ ಅಂಗೈಯಗಲ ಕೆಂಪು. ಅಣ್ಣನ ಬೆರಳುಗಳಲ್ಲೂ ಬೊಕ್ಕೆ ಏಳುತ್ತಿದ್ದವು. ಆಸ್ಪತ್ರೆಗೆ ಹೋಗಿ ಮುಲಾಮು ಹಚ್ಚಿಸಿಕೊಂಡು ಬರುವವರೆಗೂ, ಬಂದ ಮೇಲೂ, ಅಣ್ಣ ಉರ್ದುವಿನಲ್ಲಿ ಬೈಯುತ್ತಲೇ ಇದ್ದರು. ಆರು ವರ್ಷದ ಬಾಕಿಯೆಲ್ಲ ಅದರಲ್ಲಿತ್ತು. ತಮ್ಮ ತಲೆ ತಗ್ಗಿಸಿ ಕೇಳಿಸಿಕೊಂಡ. ನಡುವೆ ಒಮ್ಮೆ ಅಣ್ಣ ನನಗೂ ತಿಳಿಯಲಿ ಎಂದು ಕನ್ನಡಕ್ಕೆ ತಿರುಗಿದರು.

"ಪೆಟ್ರೋಲ್ ಹಾಕೀನಿ ಅಂತ ಹೇಳಿ ಕಳಿಸಿದ್ದೆ. ಕೇಳಲಿಲ್ಲೇನು?"

ತಮ್ಮ ನನ್ನನ್ನು ನೋಡಿದ. ನಾನು ಸುಮ್ಮನಿದ್ದರೆ ತಪ್ಪು ಅವನ ಮೇಲೆಯೇ ನಿಲ್ಲುತ್ತಿತ್ತು. ನಾನು ಎದ್ದು ನಿಂತು, ನಾನೇ ಹೇಳಲಿಲ್ಲ ಎಂದೆ. ಇಷ್ಟು ದಿನವೂ ಬೈಗುಳ ತೆಗೆದು ಹೇಳುತ್ತಿದ್ದುದನ್ನು, ಆ ದಿನ ಅದರ ಜೊತೆ ಪೆಟ್ರೋಲಿನ ಮಾತೂ ಹೋದದ್ದನ್ನು ಹೇಳಿದೆ.

ಅಣ್ಣ ನನ್ನ ಕಡೆ ತಿರುಗಿದರು. "ನೀವು ತಗದು ಹೇಳ್ತೀರಿ ಅಂತ ನನಗ ಎರಡನೇ ದಿನಾನ ಗೊತ್ತಾಗಿತ್ತರಿ, ಸರ. ಅದಕ್ಕ ನಾ ಜಾಸ್ತಿ ಸೇರಿಸಿ ಹೇಳ್ತಿದ್ದೆ."

"ನಾನೂ ನನ್ನಷ್ಟಕ್ಕ ಸೇರಿಸಿಕೊಂಡ ಕೇಳ್ತಿದ್ದೆ" ಎಂದ ತಮ್ಮ. ಆಮೇಲೆ ಕಟ್ಟು ಹಾಕಿದ ತೋಳನ್ನು ನೋಡಿಕೊಂಡ. "ಬೈಗುಳ ಅಂದ್ರ ಸೇರಿಸಿಕೊಬಹುದರಿ. ಪೆಟ್ರೋಲ್ ಹೆಂಗ ಸೇರಿಸಿಕೊಳ್ಳಲಿ?"

ಅವನು ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ನನಗೆ ಸುಲಭವಾಗುತ್ತಿತ್ತು.

ಎರಡು ದಿನ ಕಳೆದ ಮೇಲೆ ಎಂಜಿನ್ ಒರೆಸಿ, ಗಾಳಿ ಊದಿ, ಒಣಗಿಸಿದರು. ಚಹಾದಂಗಡಿಯಿಂದ ಕುದಿಯುವ ನೀರು ತರಿಸಿದರು. ತಮ್ಮ ಒಂದೇ ಕೈಯಲ್ಲಿ ಕೆಟಲಿ ಹಿಡಿದು ಗುಳಿಯ ಸುತ್ತ ಸುರಿದ. ಅಣ್ಣ ಬಟ್ಟೆ ಸುತ್ತಿದ ಬೆರಳುಗಳಲ್ಲಿ ಪಾನಾ ಹಿಡಿದು ಉಗುರಿನಷ್ಟು ಆ ಕಡೆ, ಉಗುರಿನಷ್ಟು ಈ ಕಡೆ ಆಡಿಸಿದರು. "ಇನ್ನಷ್ಟ ಹಾಕ್ ಲೇ, ಏನ್ ಅತ್ತರ ಸೀಸೆಯಿಂದ ಹನಿಸಿದಂಗ ಹನಿಸ್ತಿ" ಎಂದು ಅಣ್ಣ ಬೈದರು, ನೇರವಾಗಿ. ಕಿರ್ರೆಂದು ಸದ್ದು ಮಾಡಿ ಪ್ಲಗ್ಗು ತಿರುಗಿತು. ಬಿಸಿಯಿಂದಲೋ ತಾಳ್ಮೆಯಿಂದಲೋ ಎಂದು ಇಬ್ಬರೂ ಅರ್ಧ ಗಂಟೆ ಜಗಳಾಡಿದರು. ನನ್ನನ್ನು ಯಾರೂ ಏನೂ ಕೇಳಲಿಲ್ಲ.

ವ್ಯಾನು ಈಗ ಚೆನ್ನಾಗಿ ಓಡುತ್ತಿದೆ. ಹೋದ ತಿಂಗಳು ಎಣ್ಣೆ ಬದಲಿಸಲು ಅಲ್ಲಿಗೆ ಹೋಗಿದ್ದೆ. ಬಸ್ ಸೀಟು ಹೊರಗೆ ಗೋಡೆಯ ಹತ್ತಿರ ಹೋಗಿತ್ತು. ತಮ್ಮ ಇರಲಿಲ್ಲ. ಅಣ್ಣ ನಮಾಜಿಗೆ ಹೊರಡುತ್ತ, "ಆಂವ ಬಂದ್ರ ಒಂದ್ ಮಾತ ಹೇಳ್ರಿ" ಎಂದು ಗಾಲಿಯ ನಟ್ಟುಗಳ ಬಗ್ಗೆ ಏನೋ ಹೇಳಿದರು. ಜೊತೆಗೆ ವಾಡಿಕೆಯ ಬೈಗುಳದ ಬುಟ್ಟಿಯೂ ಇತ್ತು. ನಾನು ಜೇಬಿನಿಂದ ಪೆನ್ನು ತೆಗೆದು, ಹಳೆಯ ಪ್ರಶ್ನೆಪತ್ರಿಕೆಯ ಹಿಂದೆ, ಒಂದಕ್ಷರ ಬಿಡದೆ ಬರೆದುಕೊಂಡೆ. ಅಣ್ಣ ನಕ್ಕು ಹೋದರು.

ತಮ್ಮ ಬಂದ. ಹುಬ್ಬು ಅರ್ಧ ಬೆಳೆದಿತ್ತು, ಅದರಿಂದ ಅವನು ಸದಾ ಏನನ್ನೋ ಕೇಳುತ್ತಿರುವಂತೆ ಕಾಣುತ್ತಿದ್ದ. ನಾನು ಚೀಟಿ ಹಿಡಿದು ಪೂರ್ತಿ ಓದಿದೆ. ಕತ್ತೆಯೂ ಇತ್ತು, ಗಡಿಬಿಡಿ ಮನುಷ್ಯನೂ ಇದ್ದ.

ಅವನು ಶಾಂತವಾಗಿ ಕೇಳಿ, "ಅಷ್ಟ?" ಎಂದ.

ಚೀಟಿಯನ್ನು ಮೇಲಿನಿಂದ ಕೆಳಗಿನವರೆಗೆ ಇನ್ನೊಮ್ಮೆ ನೋಡಿದೆ, ತಿರುವಿ ಹಿಂದೆಯೂ ನೋಡಿದೆ. ಆಮೇಲೆ, "ಅಷ್ಟ" ಎಂದೆ.